ಅವ್ವನ ಇಎಸ್‌ಐ ಕಾರ್ಡು



ಇಎಸ್‌ಐ ಆಸ್ಪತ್ರೆ ಮುಂದೆ ಹೋಗುವಾಗೆಲ್ಲ ನಂಗೆ ಅವ್ವ ನೆನಪಾಗ್ತಾಳೆ. ಬೆಳಗ್ಗೆ ಒಂದು ಆಫೀಸಲ್ಲಿ ಎರಡು ಗಂಟೆ, ಆಮೇಲೆ ಒಂದು ಕ್ಲಿನಿಕ್ಕು, ಸಂಜೆ ಒಂದು ಅಂಗಡಿ, ಹೀಗೆ ಮೂರು ಕಡೆ ಕಸ ಗುಡಿಸ್ತಿದ್ಲು. ಕಾರ್ಡು ಮಾತ್ರ ಒಂದು ಕಡೆಯೂ ಸಿಗಲಿಲ್ಲ.

ಈ ಕಾರ್ಡಿನ ಹಿಂದೆ ನಮ್ಮವರ ದುಡಿಮೆ ಇದೆ. 1942ರಿಂದ 46ರವರೆಗೆ ಬಾಬಾಸಾಹೇಬರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡ್ತಿದ್ದರು. ಆಗಲೇ, 1943ರಲ್ಲಿ, ಕಾರ್ಮಿಕರ ಆರೋಗ್ಯ ವಿಮೆಗೆ ಯೋಜನೆ ಮಾಡುವ ಕೆಲಸ ಪ್ರೊ. ಬಿ.ಪಿ. ಅಡಾರ್ಕರ್ ಅವರಿಗೆ ಬಂತು. ಮರುವರ್ಷ ವರದಿ. 1948ರಲ್ಲಿ ಕಾಯ್ದೆಯಾದಾಗ ಕಾರ್ಮಿಕ ಮಂತ್ರಿ ಬಾಬು ಜಗಜೀವನ್ ರಾಂ. 1952ರಲ್ಲಿ ಕಾನ್ಪುರ, ದೆಹಲಿಯಲ್ಲಿ ಜಾರಿ. ನಮಗೆ ಶಾಲೆಯಲ್ಲಿ ಇದನ್ನ ಯಾರೂ ಹೇಳಲಿಲ್ಲ ಬಿಡಿ.

ಶುರುವಿನಲ್ಲಿ ಅದು 20 ಅಥವಾ ಹೆಚ್ಚು ಜನರಿದ್ದ ಕಾರ್ಖಾನೆಗಳಿಗಷ್ಟೇ. ಮುಂದೆ ಅಂಗಡಿ, ಹೋಟೆಲ್‌ಗಳಿಗೂ ಬಂತು, 20 ಇದ್ದದ್ದು 10 ಆಯ್ತು. ಪಾರ್ಟ್‌ಟೈಮ್ ಅಂತ ಕಾನೂನು ಯಾರನ್ನೂ ಹೊರಗಿಡಲ್ಲ, ಗುತ್ತಿಗೆಯವರನ್ನೂ ಇಡಲ್ಲ. ಸಂಬಳ ತಿಂಗಳಿಗೆ 21,000 ದಾಟಬಾರದು, ಅಷ್ಟೆ. ಮಾಲೀಕ ನೂರಕ್ಕೆ 3.25, ಕೆಲಸಗಾರ 0.75 ಕಟ್ಟಬೇಕು.

ಅವ್ವನ ಕ್ಲಿನಿಕ್ಕಲ್ಲಿ, ಅಂಗಡೀಲಿ ಹತ್ತು ಜನ ಇರಲೇ ಇಲ್ಲ. ಆಫೀಸಲ್ಲಿ ಇದ್ರು, ಆದ್ರೆ "ಎರಡು ಗಂಟೆಯವಳು ತಾನೇ" ಅಂತ ಗುತ್ತಿಗೆದಾರ ಹೆಸರೇ ಬರೀಲಿಲ್ಲ. ಮೂರೂ ಕೂಡಿಸಿದ್ರೆ ಪೂರ್ತಿ ದಿನದ ದುಡಿಮೆ. ಕೂಡಿಸೋರು ಯಾರು?

ಐದು ವರ್ಷದ ಹಿಂದೆ ಕಾಮಾಲೆ ಬಂದು ಅವ್ವ ಒಂದು ತಿಂಗಳು ಮಲಗಿದ್ಲು. ಆರು ತಿಂಗಳಲ್ಲಿ 78 ದಿನದ ವಂತಿಗೆ ಕಟ್ಟಿದ್ದವರಿಗೆ ರಜೆಯಲ್ಲೂ ಕೂಲಿಯ ನೂರಕ್ಕೆ 70 ಸಿಗುತ್ತೆ. ನಾವು ಅವಳ ಓಲೆ ಅಡ ಇಟ್ವಿ.