ಮೊದಲ ಹತ್ತು ಸಂಖ್ಯೆ ಕನ್ನಡದವು, ಹನ್ನೊಂದನೆಯದು ವಾಯಿರಕರ ಕೈಯದು

ಹಳೆಯ ಅಮರ ಚಿತ್ರ ಕಥೆ ಪುಸ್ತಕಗಳನ್ನು ಕೂಡಿಟ್ಟವರಿಗೆ ಒಂದು ಒಗಟು ಗೊತ್ತು. ಇಂಗ್ಲಿಷ್ ಸರಣಿ ಶುರುವಾಗುವುದು ‘ಕೃಷ್ಣ’ ಪುಸ್ತಕದಿಂದ. ಆದರೆ ಅದರ ಸಂಖ್ಯೆ 1 ಅಲ್ಲ, 11. ಹಾಗಾದರೆ ಮೊದಲ ಹತ್ತು ಎಲ್ಲಿ ಹೋದವು?

ಅವು ಕನ್ನಡದಲ್ಲಿ ಬಂದಿದ್ದವು. 1965ರಲ್ಲಿ ಇಂಡಿಯಾ ಬುಕ್ ಹೌಸ್ ಪ್ರಕಾಶನದ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಮಕ್ಕಳ ಚಿತ್ರಪುಸ್ತಕಗಳನ್ನು ಕನ್ನಡದಲ್ಲಿ ತಂದರು. ಸಿಂಡರೆಲ್ಲಾ, ಅಲ್ಲಾವುದ್ದೀನ್ ಇಂಥ ಹತ್ತು ಕಥೆಗಳು. ಚಿತ್ರ ಪರದೇಶದ್ದು, ಮಾತು ಮಾತ್ರ ನಮ್ಮದು.

ಚಿತ್ರವೂ ನಮ್ಮದಾಗಬೇಕು ಎಂದು ಹಟ ಹಿಡಿದವರು ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ. ಎರಡನೇ ವರ್ಷದಲ್ಲೇ ತಂದೆ-ತಾಯಿಯನ್ನು ಕಳೆದುಕೊಂಡ ಹುಡುಗ, ಮುಂದೆ ಮುಂಬೈ ಸೇರಿದರು. 1967ರಲ್ಲಿ ದೂರದರ್ಶನದ ಒಂದು ಕ್ವಿಜ್ ನೋಡಿದರು. ಗ್ರೀಕ್ ಪುರಾಣ ಬಲ್ಲ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿರಲಿಲ್ಲ. ಅಲ್ಲಿಂದ ಅವರು ಇದೇ ಸರಣಿಗೆ ಕೈ ಹಾಕಿದರು.

ಪೈ ಸಂಪಾದಕರು. ‘ಕೃಷ್ಣ’ನಿಗೆ ಬೇಕಾಗಿದ್ದು ಚಿತ್ರಕಾರ. ಆ ಕೆಲಸ ಮಾಡಿದವರು ಮರಾಠಿ ಕಲಾವಿದ ರಾಮ್ ವಾಯಿರಕರ.

ಇದು ಸಣ್ಣ ಕೆಲಸವಲ್ಲ. ಅಲ್ಲಿಯ ತನಕ ನಮ್ಮ ಮನೆಗಳಲ್ಲಿ ಕೃಷ್ಣ ಇದ್ದದ್ದು ಕ್ಯಾಲೆಂಡರಿನಲ್ಲಿ. ಅಲ್ಲಿ ದೇವರು ಒಂದೇ ಭಂಗಿಯಲ್ಲಿ ನಿಂತಿರುತ್ತಾನೆ. ಕಾಮಿಕ್ಸಿನಲ್ಲಿ ಅದೇ ದೇವರು ಓಡಬೇಕು, ಬೆಣ್ಣೆ ಕದಿಯಬೇಕು, ನಗಬೇಕು. ಪ್ರತಿ ಚೌಕಟ್ಟಿನಲ್ಲೂ ಮುಖ ಅದೇ ಇರಬೇಕು, ಭಾವ ಮಾತ್ರ ಬೇರೆಯಾಗಬೇಕು. ಓದಲು ಬಾರದ ಮಗುವೂ ಪುಟ ತಿರುಗಿಸಿದರೆ ಕಥೆ ತಿಳಿಯಬೇಕು.

ಅದೇ ಕೈ ಮುಂದೆ ಇನ್ನೊಂದು ತಿರುವು ಪಡೆಯಿತು. 1980ರಲ್ಲಿ ಪೈ ‘ಟಿಂಕಲ್’ ಪತ್ರಿಕೆ ಶುರು ಮಾಡಿದರು. 1983ರಲ್ಲಿ ತಮಿಳುನಾಡಿನ ಓದುಗರೊಬ್ಬರು ಕಳಿಸಿದ ಕಥೆಯಿಂದ ಸುಪ್ಪಂಡಿ ಹುಟ್ಟಿದ. ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿ ಕೆಲಸ ಕೆಡಿಸುವ ಆ ಮುಗ್ಧನಿಗೆ ರೂಪ ಕೊಟ್ಟವರು ವಾಯಿರಕರ. ದೇವರನ್ನು ಬರೆದ ಕುಂಚವೇ ದಡ್ಡನನ್ನೂ ಬರೆಯಿತು. ಎರಡನ್ನೂ ಮಕ್ಕಳು ಪ್ರೀತಿಸಿದರು. ವಾಯಿರಕರ 2003ರಲ್ಲಿ ತೀರಿಕೊಂಡರು. ಆಮೇಲೆ ಸುಪ್ಪಂಡಿಯನ್ನು ಮಗಳು ಅರ್ಚನಾ ಅಂಬೇರ್‌ಕರ್ ಬರೆದರು. ಅನಂತ ಪೈ 2011ರ ಫೆಬ್ರುವರಿ 24ರಂದು ಹೋದರು.

ಪೈ ಅವರನ್ನು ದೇಶ ‘ಅಂಕಲ್ ಪೈ’ ಎಂದು ನೆನೆಯುತ್ತದೆ. ಅದು ಸರಿಯೇ. ಆದರೆ ಸುಪ್ಪಂಡಿ ಗೊತ್ತಿರುವ ಎಷ್ಟು ಜನರಿಗೆ ವಾಯಿರಕರ ಗೊತ್ತು? ಹತ್ತು ಕನ್ನಡ ಪುಸ್ತಕ ತಂದ ಅನಂತರಾಮ್ ಗೊತ್ತು? ಕಥೆ ಉಳಿಯುತ್ತದೆ, ಪಾತ್ರ ಉಳಿಯುತ್ತದೆ, ದುಡಿದ ಕೈಯ ಹೆಸರು ಮೊದಲು ಅಳಿಸುತ್ತದೆ.

ಇದನ್ನು ಧಾರವಾಡ ಸೀಮೆಯವರಾದ ನಾವು ಹೇಳುವುದಕ್ಕೆ ಕಾರಣವಿದೆ. ಡಿ.ವಿ. ಹಾಲಭಾವಿಯವರು ಧಾರವಾಡದಲ್ಲಿ ಚಿತ್ರಕಲಾ ಶಾಲೆ ಕಟ್ಟಿದ ನೆಲ ಇದು. ಇಲ್ಲಿ ಚೆನ್ನಾಗಿ ಚಿತ್ರ ಬರೆಯುವ ಹುಡುಗ-ಹುಡುಗಿಯರಿಗೆ ಬರಗಾಲವಿಲ್ಲ. ಮನೆಯಲ್ಲಿ ಅವರು ಕೇಳುವ ಮಾತು ಒಂದೇ: ಇದರಿಂದ ಹೊಟ್ಟೆ ತುಂಬುತ್ತೇನು? ವಾಯಿರಕರ ಬದುಕು ಅದಕ್ಕೊಂದು ಉತ್ತರ. ಚಿತ್ರ ಬರೆಯುವುದೇ ಒಂದು ಜೀವನದ ಕೆಲಸವಾಗಬಹುದು, ಮುಂದಿನ ಪೀಳಿಗೆಗೂ ದಾಟಬಹುದು.

ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ಚಿತ್ರಕಥೆ ಇದ್ದರೆ ಇಂದು ತೆಗೆಯಿರಿ. ಕಥೆಗಿಂತ ಮೊದಲು, ಚಿತ್ರ ಬರೆದವರು ಯಾರು ಎಂದು ಹುಡುಕಿ ಮಕ್ಕಳಿಗೆ ಓದಿ ಹೇಳಿರಿ.