ಅಡ್ರಿನಲಿನ್‌ನ ಗೇಟು ಮತ್ತು ಒಂದು ಕೊಬ್ಬಿನ ಕಥೆ

ನೀವು ರಸ್ತೆ ದಾಟ್ತಾ ಇದ್ದೀರಿ, ಪಕ್ಕದಲ್ಲೇ ಬಸ್ಸು ಹಾರ್ನ್ ಹೊಡೀತು. ಎದೆ ಡವಡವ ಅಂತು. ಕಿಡ್ನಿ ಮೇಲೆ ಟೋಪಿ ಥರ ಕೂತಿರೋ ಅಡ್ರಿನಲ್ ಗ್ರಂಥಿ ರಕ್ತಕ್ಕೆ ಅಡ್ರಿನಲಿನ್ ಬಿಟ್ಟಿತು. ಈ ಕೆಲಸ ಮಾಡೋದು ಅದರ ಒಳಭಾಗದ ನ್ಯೂರೋಎಂಡೋಕ್ರೈನ್ ಕೋಶಗಳು. ನರದಿಂದ ಆರ್ಡರ್ ತಗೋತಾವೆ, ರಕ್ತಕ್ಕೆ ಡೆಲಿವರಿ ಕೊಡ್ತಾವೆ. ಹಾರ್ಮೋನು ಮೊದಲೇ ಪುಟ್ಟ ಚೀಲಗಳಲ್ಲಿ ಪ್ಯಾಕ್ ಆಗಿರುತ್ತೆ. ಹಾಗಾದ್ರೆ ಗೇಟು ತೆಗೆಯೋದು ಯಾರು?

ಉತ್ತರ ಹುಡುಕೋಕೆ 1953ಕ್ಕೆ ಹೋಗೋಣ. ಕೆನಡಾದ ಮಾಂಟ್ರಿಯಲ್. ಲೋವೆಲ್ ಹೋಕಿನ್ ಮತ್ತು ಮೇಬಲ್ ಹೋಕಿನ್ ಅನ್ನೋ ವಿಜ್ಞಾನಿ ದಂಪತಿ ಪಾರಿವಾಳದ ಮೇದೋಜೀರಕ ಗ್ರಂಥಿಯ ತೆಳು ಚೂರುಗಳ ಮೇಲೆ ಪ್ರಯೋಗ ಮಾಡ್ತಿದ್ರು. ನರದ ಸಂದೇಶ ಒಯ್ಯುವ ಅಸೆಟೈಲ್‌ಕೋಲಿನ್ ಹಾಕಿದಾಗ ಜೀರ್ಣರಸದ ಕಿಣ್ವ ಹೊರಬಂತು. ಜೊತೆಗೆ ವಿಕಿರಣಶೀಲ ರಂಜಕವನ್ನೂ ಹಾಕಿದ್ರು. ಅದು ಆರ್‌ಎನ್‌ಎಗೆ ಸೇರುತ್ತಾ ಅಂತ ನೋಡೋದು ಉದ್ದೇಶ. ಆದ್ರೆ ಅದು ಹೋಗಿ ಸೇರಿದ್ದು ಕೊಬ್ಬಿಗೆ, ಅಂದ್ರೆ ಕೋಶದ ಪೊರೆಯಲ್ಲಿರೋ ಫಾಸ್ಫೋಲಿಪಿಡ್‌ಗೆ!

ಆ ಕಾಲದಲ್ಲಿ ಪೊರೆಯ ಕೊಬ್ಬು ಅಂದ್ರೆ ಬರೀ ಗೋಡೆ. ಗೋಡೆ ಯಾಕೆ ನರದ ಮಾತಿಗೆ ಓಗೊಡಬೇಕು? ಈ ಕೊಬ್ಬಿಗೂ ಸ್ರವಿಸುವ ಕೆಲಸಕ್ಕೂ ನೇರ ಸಂಬಂಧ ಇರಬಹುದು ಅಂತ ಹೋಕಿನ್ ದಂಪತಿ ಊಹಿಸಿದ್ರು.

ಊಹೆ ಹೆಚ್ಚು ದಿನ ನಿಲ್ಲಲಿಲ್ಲ. ಏನನ್ನೂ ಸ್ರವಿಸದ ಅಂಗಾಂಶಗಳಲ್ಲೂ ಇದೇ ಬದಲಾವಣೆ ಕಾಣಿಸಿತು. 1961ರಲ್ಲಿ ಡಗ್ಲಸ್ ಮತ್ತು ರೂಬಿನ್ ಬೆಕ್ಕಿನ ಅಡ್ರಿನಲ್ ಗ್ರಂಥಿಯಲ್ಲಿ ಕ್ಯಾಲ್ಸಿಯಂ ಇಲ್ಲದಿದ್ರೆ ಸ್ರಾವವೂ ಇಲ್ಲ ಅಂತ ತೋರಿಸಿದ್ರು. ಎಲ್ಲರ ಗಮನ ಕ್ಯಾಲ್ಸಿಯಂ ಕಡೆ ಹೋಯ್ತು. 1975ರಲ್ಲಿ ಬ್ರಿಟನ್ನಿನ ರಾಬರ್ಟ್ ಮಿಚೆಲ್ ಕೊಬ್ಬನ್ನೂ ಕ್ಯಾಲ್ಸಿಯಂ ಸಂದೇಶವನ್ನೂ ಒಟ್ಟಿಗೆ ಇಟ್ಟು ವಾದಿಸಿದ್ರು. 1983ರಲ್ಲಿ ಮೈಕಲ್ ಬೆರಿಡ್ಜ್ ಮತ್ತು ಸಂಗಡಿಗರು ಪುರಾವೆ ಕೊಟ್ರು: ಪಿಐಪಿ2 ಅನ್ನೋ ಕೊಬ್ಬು ಒಡೆದಾಗ ಬರುವ ಐಪಿ3 ಎಂಬ ಚೂರು, ಕೋಶದೊಳಗಿನ ದಾಸ್ತಾನಿನಿಂದ ಕ್ಯಾಲ್ಸಿಯಂ ಬಿಡಿಸುತ್ತೆ. ಕೊಬ್ಬು ಅಂದ್ರೆ ಸಂದೇಶದ ಕಚ್ಚಾವಸ್ತು, ಅಷ್ಟೇ ಅಂತ ಲೆಕ್ಕ ಮುಗಿದ ಹಾಗಿತ್ತು.

ಮುಗಿದಿರಲಿಲ್ಲ. 1976ರಲ್ಲಿ ಗ್ರೀನ್ ಮತ್ತು ಟಿಶ್ಲರ್, ಇಲಿಯ ಅಡ್ರಿನಲ್ ಗೆಡ್ಡೆಯಿಂದ ಪಿಸಿ12 ಅನ್ನೋ ಕೋಶಗಳನ್ನ ಬೆಳೆಸಿದ್ರು. ಹಾರ್ಮೋನ್ ಚೀಲ ಇರೋ, ಗಾಜಿನ ತಟ್ಟೆಯಲ್ಲೇ ಬೆಳೆಯೋ ಕೋಶ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಥಾಮಸ್ ಮಾರ್ಟಿನ್ ಅವರ ತಂಡ ಈ ಕೋಶಗಳ ಪೊರೆಗೆ ತೂತು ಮಾಡಿ, ಒಳಗಿನ ಪ್ರೋಟೀನು ಸೋರಿಹೋಗೋಕೆ ಬಿಟ್ಟಿತು. ಆಮೇಲೆ ಒಂದೊಂದನ್ನೇ ವಾಪಸ್ ಹಾಕಿ, ಯಾವುದಕ್ಕೆ ಕೆಲಸ ಶುರುವಾಗುತ್ತೆ ಅಂತ ನೋಡಿದ್ರು.

ಕೆಲಸ ಎರಡು ಹಂತದ್ದು. ಮೊದಲು ತಯಾರಿ, ಅದಕ್ಕೆ ಎಟಿಪಿ ಶಕ್ತಿ ಬೇಕು. ಆಮೇಲೆ ಕ್ಯಾಲ್ಸಿಯಂ ಬಂದು ಟ್ರಿಗರ್ ಒತ್ತುತ್ತೆ. ತಯಾರಿಗೆ ಬೇಕಾದ ಪ್ರೋಟೀನು ಯಾವುದು? 1993ರಲ್ಲಿ ಸಿಕ್ಕಿದ್ದು ಅದೇ ಕೊಬ್ಬಿನ ಕುಟುಂಬವನ್ನ ಹೊತ್ತು ಸಾಗಿಸೋ ಪ್ರೋಟೀನು. 1995ರಲ್ಲಿ ಸಿಕ್ಕಿದ್ದು ಪಿಐಪಿ2 ತಯಾರಿಸೋ ಕಿಣ್ವ. ಅಂದ್ರೆ ಈ ಕೊಬ್ಬು ಒಡೆದು ಸಂದೇಶ ಆದ್ರೆ ಸಾಲದು, ಚೀಲ ಪೊರೆಗೆ ಬೆಸೆಯಬೇಕಾದ್ರೆ ಇಡಿಯಾಗಿಯೂ ಅಲ್ಲಿರಬೇಕು. ಕ್ಯಾಲ್ಸಿಯಂ ಗುರುತಿಸೋ ಸಿನಾಪ್ಟೋಟ್ಯಾಗ್ಮಿನ್ ಪ್ರೋಟೀನು ಹಿಡಿದುಕೊಳ್ಳೋದೂ ಪಿಐಪಿ2ನ್ನೇ.

ಕೊಬ್ಬಿಗೂ ಸ್ರಾವಕ್ಕೂ ನೇರ ಸಂಬಂಧ ಇದೆ ಅಂತ 1953ರ ನಂತರ ಹೇಳಿದ್ದ ಮಾತು, ಬೇರೆ ರೂಪದಲ್ಲಿ, ನಲವತ್ತು ವರ್ಷ ಬಿಟ್ಟು ವಾಪಸ್ ಬಂತು. ಇನ್ನೊಂದು ವಿಷಯ ಗೊತ್ತಾ? ಹೋಕಿನ್ ದಂಪತಿ 1957ರಲ್ಲಿ ಸೇರಿದ್ದು ಇದೇ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ.

ನಾನು ಬಿಕಾಂ ಓದಿದವನು. ನಮ್ಮಲ್ಲಿ ಸಸ್ಪೆನ್ಸ್ ಅಕೌಂಟ್ ಅಂತ ಒಂದಿದೆ. ಎಲ್ಲಿ ಸೇರಿಸಬೇಕು ಅಂತ ಗೊತ್ತಾಗದ ಎಂಟ್ರಿಯನ್ನ ಅಳಿಸಲ್ಲ, ಅಲ್ಲಿ ಬರೆದಿಡ್ತೀವಿ. ಹೋಕಿನ್ ದಂಪತಿ ಆರ್‌ಎನ್‌ಎ ಹುಡುಕಿ ಹೊರಟವರು, ತಮಗೆ ಬೇಡದ ಕೊಬ್ಬಿನ ಲೆಕ್ಕವನ್ನ ಕಸಕ್ಕೆ ಹಾಕಬಹುದಿತ್ತು. ಹಾಕಲಿಲ್ಲ. ಬರೆದಿಟ್ರು.

ಮುಂದಿನ ವಾರ ಸಿಗೋಣ. ರಸ್ತೆ ದಾಟುವಾಗ ಇಯರ್‌ಫೋನ್ ತೆಗೀರಿ.