ವಿಶೇಷ ಐ.ವಿ. ಡ್ರಿಪ್ ಸೆಟ್‌ಗಳು: ಚಿಕಿತ್ಸೆಯಲ್ಲಿ ಬಳಕೆ ಮತ್ತು ಆಸ್ಪತ್ರೆ ಬಿಲ್ಲಿನಲ್ಲಿ ನಮೂದು

ಅಭಿಧಮನಿಯ ಮೂಲಕ ದ್ರವ, ಔಷಧ ಅಥವಾ ರಕ್ತವನ್ನು ನೀಡಲು ಬಳಸುವ ನಳಿಕೆಯ ಜೋಡಣೆಗೆ ಐ.ವಿ. ಸೆಟ್ ಎಂದು ಹೆಸರು. ಎಲ್ಲ ಔಷಧಗಳಿಗೂ ಒಂದೇ ಬಗೆಯ ಸೆಟ್ ಸೂಕ್ತವಲ್ಲ; ಎಲ್ಲ ರೋಗಿಗಳಿಗೂ ದುಬಾರಿ ಸೆಟ್ ಅಗತ್ಯವೂ ಇಲ್ಲ. ಬಿಲ್ಲಿನಲ್ಲಿರುವ ಸೆಟ್‌ನ ವಿಧ ಮತ್ತು ಸಂಖ್ಯೆಯು ರೋಗಿಗೆ ನೀಡಲಾದ ಔಷಧಗಳಿಗೆ ಹೊಂದಿಕೆಯಾಗಿರಬೇಕು. ಈ ಕುರಿತ ಮಾಹಿತಿಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ.

1. ಸೆಟ್‌ಗಳ ವಿಧಗಳು

• ಸಾಮಾನ್ಯ ಸೆಟ್: ಸಾಧಾರಣವಾಗಿ 20 ಹನಿಗಳಿಗೆ 1 ಮಿ.ಲೀ. ಉದಾಹರಣೆಗೆ, 500 ಮಿ.ಲೀ. ಸಲೈನನ್ನು 4 ಗಂಟೆಗಳಲ್ಲಿ ನೀಡಲು ನಿಮಿಷಕ್ಕೆ ಸುಮಾರು 42 ಹನಿಗಳು ಬೀಳಬೇಕು.
• ಮೈಕ್ರೋ ಡ್ರಿಪ್ ಸೆಟ್: 60 ಹನಿಗಳಿಗೆ 1 ಮಿ.ಲೀ. ಮಕ್ಕಳಿಗೆ ಹಾಗೂ ಅಲ್ಪ ಪ್ರಮಾಣದಲ್ಲಿ ನೀಡಬೇಕಾದ ಔಷಧಗಳಿಗೆ ಉಪಯುಕ್ತ. ಅಳತೆ ಗುರುತುಗಳಿರುವ ಕೋಶವುಳ್ಳ ಬ್ಯುರೆಟ್ ಸೆಟ್, ಮಗುವಿಗೆ ಒಮ್ಮೆಲೇ ಅಧಿಕ ದ್ರವ ಹೋಗುವುದನ್ನು ತಡೆಯುತ್ತದೆ.
• ರಕ್ತ ನೀಡುವ ಸೆಟ್: ಇದರಲ್ಲಿ 170ರಿಂದ 200 ಮೈಕ್ರಾನ್ ಸೋಸುಕ ಇರುತ್ತದೆ. ಸಾಮಾನ್ಯ ಸೆಟ್‌ನಲ್ಲಿ ರಕ್ತ ನೀಡತಕ್ಕದ್ದಲ್ಲ.

2. ವಿಶೇಷ ನಳಿಕೆ ಅಗತ್ಯವಾಗುವ ಸಂದರ್ಭಗಳು

ಹೃದ್ರೋಗದಲ್ಲಿ ಬಳಸುವ ನೈಟ್ರೋಗ್ಲಿಸರಿನ್ ಔಷಧವನ್ನು ಪಿ.ವಿ.ಸಿ. ನಳಿಕೆಯು ಹೀರಿಕೊಳ್ಳುತ್ತದೆ. ಇದರಿಂದ ರೋಗಿಗೆ ತಲುಪುವ ಪ್ರಮಾಣ ಕಡಿಮೆಯಾಗುತ್ತದೆ, ಆದ್ದರಿಂದ ಪಿ.ವಿ.ಸಿ. ರಹಿತ ಸೆಟ್ ಸೂಕ್ತ. ಚಿಕಿತ್ಸೆಯ ನಡುವೆ ನಳಿಕೆಯ ಬಗೆ ಬದಲಾದಲ್ಲಿ ಪ್ರಮಾಣವನ್ನು ಮರುಹೊಂದಿಸದಿದ್ದರೆ ರಕ್ತದೊತ್ತಡ ಹಠಾತ್ತನೆ ಕುಸಿಯುವ ಅಪಾಯವಿದೆ.

ಕ್ಯಾನ್ಸರ್ ಔಷಧವಾದ ಪ್ಯಾಕ್ಲಿಟ್ಯಾಕ್ಸೆಲ್‌ನ ಸಾಂಪ್ರದಾಯಿಕ ದ್ರಾವಣವು ಪಿ.ವಿ.ಸಿ.ಯಲ್ಲಿರುವ ಡಿ.ಇ.ಎಚ್.ಪಿ. ಎಂಬ ರಾಸಾಯನಿಕವನ್ನು ಕರಗಿಸಿಕೊಳ್ಳುತ್ತದೆ. ಇದಕ್ಕೆ ಡಿ.ಇ.ಎಚ್.ಪಿ. ರಹಿತ ನಳಿಕೆ ಮತ್ತು 0.22 ಮೈಕ್ರಾನ್ ಮೀರದ ಸೋಸುಕ ಅವಶ್ಯಕ.

3. ಸೆಟ್ ಬದಲಿಸುವ ಅವಧಿ

ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 2011ರ ಮಾರ್ಗಸೂಚಿಯಂತೆ, ನಿರಂತರವಾಗಿ ಬಳಕೆಯಲ್ಲಿರುವ ಸಾಮಾನ್ಯ ಸೆಟ್ಟನ್ನು 96 ಗಂಟೆಗಳಿಗಿಂತ ಮೊದಲು ಬದಲಿಸುವ ಅಗತ್ಯವಿಲ್ಲ. ಆದರೆ 7 ದಿನಗಳೊಳಗೆ ಬದಲಿಸಬೇಕು. ರಕ್ತ ಅಥವಾ ಕೊಬ್ಬಿನ ದ್ರಾವಣ ನೀಡಿದ ಸೆಟ್ಟನ್ನು 24 ಗಂಟೆಗಳೊಳಗೆ ಬದಲಿಸತಕ್ಕದ್ದು. ಸೆಟ್ ಮಲಿನವಾದಲ್ಲಿ, ಸೋರಿದಲ್ಲಿ ಅಥವಾ ಔಷಧ ಬದಲಾದಲ್ಲಿ ಮೊದಲೇ ಬದಲಿಸಬೇಕಾಗಬಹುದು. ಒಬ್ಬ ರೋಗಿಗೆ ಬಳಸಿದ ಸೆಟ್ಟನ್ನು ಮತ್ತೊಬ್ಬರಿಗೆ ಬಳಸುವುದು ಯಾವ ಕಾರಣಕ್ಕೂ ಸಲ್ಲದು.

4. ಬಿಲ್ಲಿನಲ್ಲಿ ಗಮನಿಸಬೇಕಾದ ಅಂಶಗಳು

• ಪೊಟ್ಟಣದ ಮೇಲೆ ಮುದ್ರಿತವಾದ ಗರಿಷ್ಠ ಮಾರಾಟ ಬೆಲೆಯನ್ನು ಮೀರಿ ವಸೂಲು ಮಾಡುವಂತಿಲ್ಲ.
• 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳ ಬೆಲೆಯು ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರದ ನಿಗಾದಲ್ಲಿದೆ. ತಯಾರಕರು 12 ತಿಂಗಳಲ್ಲಿ ಶೇ. 10ಕ್ಕಿಂತ ಹೆಚ್ಚು ಬೆಲೆ ಏರಿಸುವಂತಿಲ್ಲ.
• ಆದಾಗ್ಯೂ ಮುದ್ರಿತ ಬೆಲೆಯು ಆಸ್ಪತ್ರೆಯ ಖರೀದಿ ದರಕ್ಕಿಂತ ಬಹಳ ಹೆಚ್ಚಿರಬಹುದು. ದೆಹಲಿ ಪ್ರದೇಶದ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲುಗಳನ್ನು ಸದರಿ ಪ್ರಾಧಿಕಾರವು 2018ರಲ್ಲಿ ಪರಿಶೀಲಿಸಿದಾಗ, ಕೆಲವು ಔಷಧ ಹಾಗೂ ಬಳಕೆ ಸಾಮಗ್ರಿಗಳಲ್ಲಿ ಶೇ. 1,700ನ್ನು ಮೀರಿದ ಲಾಭಾಂಶ ಕಂಡುಬಂದಿತ್ತು.
• ಆಯುಷ್ಮಾನ್ ಭಾರತ್ ಯೋಜನೆಯ ಪ್ಯಾಕೇಜ್ ದರದಲ್ಲಿ ಔಷಧ ಹಾಗೂ ಬಳಕೆ ಸಾಮಗ್ರಿಗಳು ಸೇರಿವೆ. ಯೋಜನೆಯಡಿ ಉಚಿತ ಚಿಕಿತ್ಸೆಗೆ ಅರ್ಹರಾದವರಿಂದ ಐ.ವಿ. ಸೆಟ್‌ಗೆ ಪ್ರತ್ಯೇಕ ಹಣ ಪಡೆಯುವಂತಿಲ್ಲ.
• ಅನೇಕ ಆರೋಗ್ಯ ವಿಮಾ ಪಾಲಿಸಿಗಳ ಅನುಬಂಧದಲ್ಲಿ ಇನ್ಫ್ಯೂಷನ್ ಪಂಪಿನ ವೆಚ್ಚವನ್ನು ಚಿಕಿತ್ಸಾ ವೆಚ್ಚದಲ್ಲಿ ಅಡಕವೆಂದು ಪರಿಗಣಿಸಲಾಗಿದೆ. ಅನುಬಂಧವನ್ನು ಮುಂಚಿತವಾಗಿ ಓದಿಕೊಳ್ಳುವುದು ಒಳಿತು.

5. ಸಂಶಯವಿದ್ದಲ್ಲಿ

"ಬಳಕೆ ಸಾಮಗ್ರಿ" ಎಂದು ಒಟ್ಟು ಮೊತ್ತ ಮಾತ್ರ ನಮೂದಿಸಿದ್ದಲ್ಲಿ ವಿವರವಾದ ಬಿಲ್ ಕೇಳಿ ಪಡೆಯಿರಿ. ಸೆಟ್‌ಗಳ ಹೆಸರು, ಸಂಖ್ಯೆ ಮತ್ತು ದಿನಾಂಕಗಳನ್ನು ಔಷಧ ನೀಡಿಕೆ ಪಟ್ಟಿಯೊಂದಿಗೆ ಹೋಲಿಸಿ ನೋಡಿ. ವಿಶೇಷ ಸೆಟ್ ಬಳಸಿದ್ದಲ್ಲಿ ಅದು ಯಾವ ಔಷಧಕ್ಕಾಗಿ ಎಂದು ವೈದ್ಯರನ್ನು ವಿಚಾರಿಸಿ. ವೆಚ್ಚದ ಕಾರಣಕ್ಕೆ ವೈದ್ಯರು ಸೂಚಿಸಿದ ಸೆಟ್ಟನ್ನು ತಾವಾಗಿಯೇ ನಿರಾಕರಿಸಬಾರದು.

ಮುದ್ರಿತ ಬೆಲೆಗಿಂತ ಹೆಚ್ಚು ವಸೂಲು ಮಾಡಿದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕರ್ನಾಟಕದ ಖಾಸಗಿ ಆಸ್ಪತ್ರೆಗಳ ಬಗೆಗಿನ ದೂರುಗಳನ್ನು ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ಲಿಖಿತವಾಗಿ ಸಲ್ಲಿಸಬಹುದಾಗಿದೆ. ದೂರಿನೊಂದಿಗೆ ಬಿಲ್ಲಿನ ಪ್ರತಿಯನ್ನು, ಲಭ್ಯವಿದ್ದಲ್ಲಿ ಪೊಟ್ಟಣದ ಛಾಯಾಚಿತ್ರವನ್ನು ಲಗತ್ತಿಸುವುದು.